ಸಿಗಡಿ ಹಾಲಿಗೆ ಸ್ಪೀಕರ್ ತಂದದ್ದು

ಆಗ ನನಗೆ ಅರವತ್ತೇಳು. ಇದಾಗಿ ಮೂರು ವರ್ಷವಾಯಿತು. ಜುಲೈ ಕೊನೆಗೆ ಶುರುವಾಗಿ ಆಗಸ್ಟಿನ ಮೊದಲ ಭಾನುವಾರಕ್ಕೆ ಮುಗಿದ ಕೆಲಸ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಒಂದು ಹಾಲಿಗೆ ಸ್ಪೀಕರ್ ಆರಿಸುವುದು. ಆದರೆ ಅದು ತಪ್ಪಿದರೆ ಹದಿನೆಂಟು ಹೆಂಗಸರು ಬುಟ್ಟಿ ಹಿಡಿದು ಮತ್ತೆ ಬಿಸಿಲಿಗೆ ಕೂರಬೇಕಿತ್ತು.

ಮರವಂತೆ ದಾಟಿ ಬೈಂದೂರಿನ ಕಡೆ ಹೋಗುವಾಗ ಹೆದ್ದಾರಿಯ ಪಕ್ಕ ಹಳೆಯ ಸಿಗಡಿ ಸುಲಿಯುವ ಹಾಲ್ ಇದೆ. ಸಿಗಡಿಯ ಕೆಲಸ ನಿಂತ ಮೇಲೆ ಅದು ಊರಿನ ಮೀನುಗಾರರ ಸಮಿತಿಯ ಕೈಗೆ ಬಂತು. ಸಮಿತಿ ಅದನ್ನು ನಮ್ಮ ಮೀನು ಮಾರುವ ಹೆಂಗಸರ ಸಂಘಕ್ಕೆ ಕೊಟ್ಟಿತ್ತು. ಸಂಘಕ್ಕೆ ನಾನು ಅಧ್ಯಕ್ಷೆ. ರಸ್ತೆ ಅಗಲ ಮಾಡುವಾಗ ನಮ್ಮನ್ನು ರಸ್ತೆ ಬದಿಯಿಂದ ಎಬ್ಬಿಸಿದರು. ಅಲ್ಲಿಂದ ಈಚೆಗೆ ಈ ಹಾಲಿನ ಎದುರಿನ ಜಗಲಿಯೇ ನಮ್ಮ ಮಾರ್ಕೆಟ್. ನೆರಳಿದೆ, ನಲ್ಲಿಯಿದೆ, ಗಿರಾಕಿ ಗಾಡಿ ನಿಲ್ಲಿಸಲು ಜಾಗವಿದೆ.

ಆದರೆ ಜಗಲಿಯೊಂದನ್ನೇ ಕೊಡುವ ಕ್ರಮ ಸಮಿತಿಗೆ ಇಲ್ಲ. ಹಾಲ್ ಯಾರ ಹೆಸರಿಗೋ ಜಗಲಿಯೂ ಅವರಿಗೆ. ಆ ವರ್ಷ ಸಮಿತಿಯವರು, ಹಾಲ್ ಖಾಲಿ ಬಿದ್ದಿದೆ, ಆಗಸ್ಟಿನ ಮೊದಲ ಭಾನುವಾರದೊಳಗೆ ಅದನ್ನು ನಡೆಸುವ ಒಬ್ಬರನ್ನು ಬರವಣಿಗೆಯಲ್ಲಿ ತೋರಿಸಿ, ಇಲ್ಲದಿದ್ದರೆ ಬೋಟಿನ ಧಣಿಗೆ ಬಲೆ ಇಡಲು ಕೊಡುತ್ತೇವೆ ಎಂದರು. ಧಣಿ ಆಗಲೇ ಅರ್ಜಿ ಕೊಟ್ಟಾಗಿತ್ತು.

ಹಾಲ್ ನನ್ನ ಹೆಜ್ಜೆಯಲ್ಲಿ ಉದ್ದ ನಲವತ್ತು, ಅಗಲ ಹದಿನೆಂಟು. ನೆಲ ಸಿಮೆಂಟು. ಗೋಡೆಗೆ ಆಳೆತ್ತರ ಬಿಳಿ ಟೈಲ್ಸ್, ಸಿಗಡಿಯ ನೀರು ತೊಳೆಯಲು ಹಾಕಿದ್ದು. ಮೇಲೆ ಸಿಮೆಂಟಿನ ಸ್ಲ್ಯಾಬ್. ಕೈಗೆ ಮೆತ್ತಗೆ ತಾಗುವ ವಸ್ತು ಒಂದೂ ಇಲ್ಲ. ಅಲ್ಲಿ ಕೂತು ನಾನು ಹನ್ನೊಂದು ವರ್ಷ ಸಿಗಡಿ ಸುಲಿದಿದ್ದೇನೆ. ಅರವತ್ತು ಹೆಂಗಸರು ಒಟ್ಟಿಗೆ ಬಾಯಿ ಬಿಟ್ಟರೆ ಪಕ್ಕದವಳ ಮಾತೂ ತಿಳಿಯುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ.

ಬ್ರಹ್ಮಾವರದ ಒಬ್ಬರು ಭರತನಾಟ್ಯದ ಟೀಚರ್ ಬೈಂದೂರು ಕಡೆಯ ಮಕ್ಕಳಿಗೆ ಕ್ಲಾಸ್ ಮಾಡಲು ಜಾಗ ಹುಡುಕುತ್ತಿದ್ದರು. ಹಾಲ್ ನೋಡಲು ಬಂದವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲವನ್ನು ನಾಲ್ಕು ಕಡೆ ತಟ್ಟಿದರು. ಹೆಂಗಸು ಕೆಲಸ ಗೊತ್ತಿದ್ದವಳು ಎಂದು ನನಗೆ ಅಲ್ಲೇ ಅನ್ನಿಸಿತು.

"ನೆಲ ಲಾಯ್ಕಿತ್ತ್ ಅಮ್ಮ" ಎಂದರು. "ಸ್ವರ ಒಂದ್ ಸರಿ ಮಾಡ್ಕೊಡಿ. ನನ್ನ ಪಾಠ ಎಲ್ಲ ರೆಕಾರ್ಡ್ ಹಾಕಿಯೇ. ತಕಧಿಮಿ ಅಂದ್ರೆ ತ, ಕ, ಧಿ, ಮಿ ನಾಲ್ಕೂ ಬಿಡಿ ಬಿಡಿಯಾಗಿ ಕೇಣ್ಕ್. ಒಂದ್ರ ಮೇಲೆ ಒಂದ್ ಬಿದ್ರೆ ಮಕ್ಕಳ ಹೆಜ್ಜೆ ತಪ್ಪತ್ತ್. ಹಾಂಗಾದ್ರೆ ನಾನ್ ಬತ್ತಿಲ್ಲೆ."

ಸ್ಪೀಕರ್ ನಾವು ಹಾಕಿಸುವುದು, ಸ್ವರ ಸರಿಯಾದರೆ ಮೂರು ವರ್ಷಕ್ಕೆ ಅವರು ಹಾಲ್ ಹಿಡಿಯುವುದು ಎಂದು ಮಾತಾಯಿತು.

ನಾನು, ಸಂಘದ ಕಾರ್ಯದರ್ಶಿ ಇಬ್ಬರೂ ಕುಂದಾಪುರಕ್ಕೆ ಹೋದೆವು. ಕಾರ್ಯದರ್ಶಿ ನನಗಿಂತ ಇಪ್ಪತ್ತೈದು ವರ್ಷಕ್ಕೆ ಸಣ್ಣವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅಂಗಡಿಯಲ್ಲಿ ಸ್ಪೀಕರ್ ಕೇಳಲೆಂದೇ ಒಂದು ಕೋಣೆ. ನೆಲಕ್ಕೆ ಕಾಲು ಹುಗಿಯುವಷ್ಟು ದಪ್ಪ ಕಾರ್ಪೆಟ್, ಗೋಡೆಗೆಲ್ಲ ಪರದೆ, ಕೂರಲು ಸೋಫಾ.

"ಕೂಕಣಿ ಅಮ್ಮ. ಕಣ್ ಮುಚ್ಚಿ ಕೇಣಿ. ಹೈಫೈ ಅಂದ್ರೆ ಎಂತ ಅಂತ ಗೊತ್ತಾತ್ತ್" ಎಂದರು ಅಂಗಡಿಯವರು.

"ಕಣ್ ಮುಚ್ಚಿ ನಾನ್ ಈವರೆಗೆ ಒಂದ್ ಬಂಗುಡಿ ಮೀನೂ ತಕಣ್ಲಿಲ್ಲೆ" ಎಂದೆ.

ಹಾಡು ಹಾಕಿದರು. ಚಂದವೇ ಇತ್ತು. ಆದರೆ ಆ ಕೋಣೆಯಲ್ಲಿ ನಾನು ಕೆಮ್ಮಿದರೂ ಚಂದ ಕೇಳುತ್ತಿತ್ತು. ಇಲ್ಲಿ ಕೇಳಿ ತೆಗೆದುಕೊಳ್ಳುವುದಿಲ್ಲ, ನಮ್ಮ ಹಾಲಿಗೆ ತಂದು ಹಾಕಿ ತೋರಿಸಿ ಎಂದೆ.

"ಎಲ್ಲರೂ ಇಲ್ಲೇ ಕೇಂಡ್ ತಕಂಡ್ ಹೋತ್ರ್ ಅಮ್ಮ."

"ಎಲ್ಲರ ಮನಿಯಂಗೂ ಹಿಂಗೆ ಕಾರ್ಪೆಟ್ ಇತ್ತಾ?"

ಅಂಗಡಿಯವರು ನಕ್ಕು ಒಪ್ಪಿದರು. ಬಸ್ಸಲ್ಲಿ ಬರುವಾಗ ನಾನು ಮಹಾ ಬುದ್ಧಿವಂತೆ ಎಂದುಕೊಂಡು ಕೂತಿದ್ದೆ.

ಈಗ ಬಲೆಯ ವಿಷಯ ಹೇಳಬೇಕು. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಇಳಿಯಬಾರದು, ನಿಷೇಧ. ಆ ಎರಡು ತಿಂಗಳು ಧಣಿಯ ಬಲೆಗಳೆಲ್ಲ ನಮ್ಮ ಹಾಲಿನಲ್ಲಿ ಬಿದ್ದಿರುತ್ತವೆ. ಅವರ ಜನ ಕೂತು ಹರಿದದ್ದನ್ನು ಕಟ್ಟುತ್ತಾರೆ. ಅದಕ್ಕೆ ಬಾಡಿಗೆ ಇಲ್ಲ, ಕೇಳುವ ಕ್ರಮವೂ ಇರಲಿಲ್ಲ. ಅವರ ಬೋಟಿನ ಮೀನನ್ನೇ ಅಲ್ಲವೇ ನಾವು ಮಾರುವುದು. ಪ್ರತಿ ವರ್ಷ ನೋಡಿ ನೋಡಿ ಬಲೆ ನಮಗೆ ಗೋಡೆಯ ಹಾಗೆ ಆಗಿತ್ತು. ಇದೆ ಎಂದು ಕಣ್ಣಿಗೆ ಬೀಳುತ್ತಿರಲಿಲ್ಲ.

ಅಂಗಡಿಯವರು ಸ್ಪೀಕರ್ ತಂದ ದಿನ ಮೂರು ಗೋಡೆಗೂ ಒರಗಿ ಎದೆಯೆತ್ತರ ಬಲೆಯ ರಾಶಿ ಇತ್ತು. ನಡುವೆ ಮಾತ್ರ ಖಾಲಿ ಜಾಗ. ಟೀಚರೂ ಬಂದಿದ್ದರು. ಅಂಗಡಿಯವರು ಎರಡು ಜೋಡಿ ತಂದಿದ್ದರು. ಒಂದು ಜೋಡಿ ನನ್ನ ಎದೆಯ ಮಟ್ಟಕ್ಕೆ ಬರುವ ಕಂಬದಂತಹ ಪೆಟ್ಟಿಗೆಗಳು, ಅದರ ಜೊತೆಗೆ ನೆಲದಲ್ಲಿ ಕೂರುವ ಬಾಸಿನ ಪೆಟ್ಟಿಗೆ ಬೇರೆ. ಇನ್ನೊಂದು ಜೋಡಿ ಬಿಸ್ಕತ್ತಿನ ತಗಡಿನ ಡಬ್ಬಿಯಷ್ಟು. ಹಾಲಿನ ಒಂದು ತುದಿಯ ಗೋಡೆಗೆ ಇಟ್ಟು, ಉದ್ದಕ್ಕೆ ಹೊಡೆಯುವಂತೆ ಹಾಕಿದರು.

ದೊಡ್ಡದು ಹಾಕಿದಾಗ ಮೃದಂಗದ ಪೆಟ್ಟು ಹೊಟ್ಟೆಗೆ ಬಂದು ತಾಗಿತು. ಬಾಯಿತಾಳದ ತ, ಕ, ಧಿ, ಮಿ ಒಂದೊಂದೂ ಬಿಡಿಸಿ ಕೇಳಿತು. ಸಣ್ಣದು ಹಾಕಿದಾಗ ಯಾರೋ ಪಕ್ಕದ ಮನೆಯಲ್ಲಿ ರೇಡಿಯೋ ಇಟ್ಟ ಹಾಗೆ.

"ಇದ್ ಸೊಳ್ಳಿ ಕೂಗುದ್ ದೊಡ್ಡಮ್ಮ" ಎಂದಳು ಕಾರ್ಯದರ್ಶಿ.

ಟೀಚರೂ ದೊಡ್ಡದಕ್ಕೇ ತಲೆಯಾಡಿಸಿದರು. ನಾನು ದೊಡ್ಡದು ಇರಲಿ ಎಂದೆ. ಎಂಟು ದಿನದೊಳಗೆ ಬೇಡವೆಂದರೆ ವಾಪಸು ತೆಗೆದುಕೊಳ್ಳುತ್ತೇನೆ, ಗೀರು ಬೀಳಬಾರದು ಎಂದು ಹೇಳಿ ಅಂಗಡಿಯವರು ಹೋದರು. ಟೀಚರು, ಬಲೆ ಹೋಗಿ ಹಾಲ್ ತೊಳೆದ ಮೇಲೆ ಮಕ್ಕಳನ್ನು ಕರೆದುಕೊಂಡು ಭಾನುವಾರ ಬಂದು ಕಾಗದ ಬರೆದು ಕೊಡುತ್ತೇನೆ ಎಂದರು.

ನಿಷೇಧ ಮುಗಿಯಿತು. ಬುಧವಾರ ಧಣಿಯ ಜನ ಬಂದು ಒಂದೇ ಬೆಳಿಗ್ಗೆ ಒಳ್ಳೆಯ ಬಲೆಯನ್ನೆಲ್ಲ ಲಾರಿಗೆ ಹಾಕಿದರು. ಗುರುವಾರ ನಾವು ಆರು ಜನ ಬ್ಲೀಚಿಂಗ್ ಪೌಡರ್ ಹಾಕಿ ನೆಲ, ಗೋಡೆ ಎಲ್ಲ ತಿಕ್ಕಿದೆವು. ಟೈಲ್ಸ್ ಬೆಳ್ಳಗೆ ಹೊಳೆಯಿತು. ನೆಲ ಒಣಗಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಕಾರ್ಯದರ್ಶಿ ಟೀಚರ ರೆಕಾರ್ಡನ್ನು ಮೊಬೈಲಿನಿಂದ ಹಾಕಿದಳು.

ಮೃದಂಗದ ಪೆಟ್ಟು ಒಂದು ಬಿದ್ದದ್ದು ನಿಲ್ಲಲೇ ಇಲ್ಲ. ಅದು ಮೂಲೆಗೆ ಹೋಗಿ, ತಿರುಗಿ ಬಂದು, ಮುಂದಿನ ಪೆಟ್ಟಿನ ಮೇಲೆ ಕೂತಿತು. ತಕಧಿಮಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಗೊತ್ತಿಲ್ಲ. ಬಾವಿಯೊಳಗೆ ಕೊಡಪಾನ ಬಿದ್ದು ಉರುಳಿದ ಸದ್ದು. ನಾನು ಹಿಂದಿನ ಗೋಡೆಯ ತನಕ ನಡೆದೆ. ಹೋದಷ್ಟೂ ಕೆಟ್ಟಿತು.

"ಕಮ್ಮಿ ಮಾಡ್" ಎಂದೆ. ಕಮ್ಮಿ ಮಾಡಿದಳು. ಗಲೀಜು ಹಾಗೆಯೇ ಇತ್ತು, ಸಣ್ಣ ಸ್ವರದಲ್ಲಿ. ವಯರ್ ಕಳಚಿ ಹಾಕಿದೆವು. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡು ಹೆಜ್ಜೆ ಮುಂದೆ ಎಳೆದೆವು, ಗುಂಯ್‌ಗುಡುವುದು ಸ್ವಲ್ಪ ತಗ್ಗಿತು, ಅಕ್ಷರ ಬಿಡಿಯಾಗಲಿಲ್ಲ. ಬಾಸಿನ ಪೆಟ್ಟಿಗೆಯನ್ನು ಪೂರ್ತಿ ಬಂದ್ ಮಾಡಿದೆವು, ಮತ್ತೂ ಸ್ವಲ್ಪ ತಗ್ಗಿತು. ಅಷ್ಟೇ. ಅಂಗಡಿಗೆ ಫೋನ್ ಮಾಡಿದರೆ ಅವರು, "ನಾನ್ ಎಂತ ಮಾಡುದ್ ಅಮ್ಮ? ಅವತ್ತ್ ನೀವೇ ಕೇಂಡ್ರಿ, ನೀವೇ ಒಪ್ಪಿದ್ರಿ. ಪೆಟ್ಟಿಗೆ ಅದೇ, ಹಾಲೂ ಅದೇ" ಎಂದರು.

ಭಾನುವಾರಕ್ಕೆ ಮೂರೇ ದಿನ.

ಹಿಂದಿನ ಮೂಲೆಯಲ್ಲಿ ಹರಕು ಬಲೆಯ ಒಂದು ರಾಶಿ ಬಿಟ್ಟು ಹೋಗಿದ್ದರು. ಅದನ್ನು ಹೊರಗೆ ಎಳೆಯಬೇಕೆಂದು ಹೋದೆ. ಬಗ್ಗಿ ಕೈ ಹಾಕಿ ಕಾರ್ಯದರ್ಶಿಯನ್ನು ಕರೆದೆ. ನನ್ನ ಸ್ವರ ನನಗೇ ಬೇರೆ ಕೇಳಿತು, ಹತ್ತಿರದಲ್ಲೇ ಸತ್ತ ಹಾಗೆ. ಎದ್ದು ನಿಂತು ಬಲೆಯ ಕಡೆ ಮುಖ ಮಾಡಿ ಚಪ್ಪಾಳೆ ಹೊಡೆದೆ. ತಿರುಗಿ ಟೈಲ್ಸಿನ ಕಡೆ ಹೊಡೆದೆ. ಟೈಲ್ಸಿನ ಕಡೆ ಹೊಡೆದದ್ದು ಕಿರ್‍ರ್ ಎಂದು ಎರಡು ಗೋಡೆಯ ನಡುವೆ ಓಡಾಡಿತು. ಬಲೆಯ ಕಡೆ ಹೊಡೆದದ್ದು ಅಲ್ಲೇ ಮುಗಿಯಿತು. ನಾಲ್ಕೈದು ಸಲ ಹೊಡೆದೆ.

"ಎಂತ ಆಯ್ತ್ ದೊಡ್ಡಮ್ಮ, ಭಜನೆ ಶುರು ಮಾಡಿದ್ರಿಯಾ?"

"ಅವತ್ತ್ ಸ್ವರ ನುಂಗಿದ್ದ್ ಈ ಬಲಿ, ಹೆಣೆ" ಎಂದೆ. "ಬಲಿ ಇತ್ತ್ ಅಂತ ನಾವ್ ಒಬ್ಬರೂ ಕಾಣ್ಲಿಲ್ಲೆ."

ಅಂಗಡಿಯ ಕಾರ್ಪೆಟ್ಟನ್ನು ಬೈದು ಬಂದು ಅದಕ್ಕಿಂತ ಹತ್ತು ಪಾಲು ದಪ್ಪದ ಬಲೆಯ ನಡುವೆ ನಿಂತು ಸ್ಪೀಕರ್ ಆರಿಸಿದ್ದೆ. ಅವಳು ನಗಲಿಲ್ಲ.

ಸಂಜೆ ಬೋಟಿನ ಧಣಿ ಜಗಲಿಗೆ ಬಂದರು. ಒಳಗಿನ ಸದ್ದು ಅವರ ಕಿವಿಗೆ ಹೋಗಿತ್ತು. ಬಾಗಿಲಲ್ಲಿ ನಿಂತು ತಲೆಯೆತ್ತಿ ಸ್ಲ್ಯಾಬ್ ನೋಡಿದರು, ಆಗಲೇ ತಮ್ಮದಾದ ಹಾಗೆ.

"ಹ್ವಾಯ್, ಒಳಗೆ ಎಂತ, ಗುಡುಗಾ?"

"ಪಾಠದ ಸ್ವರ" ಎಂದೆ.

"ಈ ಹಾಲಿಗೆ ಬಲಿಯೇ ಸಮ ಅಕ್ಕ. ಬಲಿಗೆ ಕಿವಿ ಇಲ್ಲೆ. ಸುಮ್ನೆ ಎಂತಕೆ ಕಷ್ಟ ಪಡ್ತ್ರಿ? ಹಾಲ್ ನಂಗ್ ಬಂದ್ರೂ ನಿಮ್ಮನ್ನ್ ಜಗಲಿಯಿಂದ ಓಡ್ಸ್ತಿಲ್ಲೆ. ಮೀನಿನ ಬುಟ್ಟಿ ಇಡುಕೆ ಒಂದ್ ಬದಿ ಬಿಡ್ತೆ."

ಒಂದು ಬದಿ. ಹದಿನೆಂಟು ಜನಕ್ಕೆ ಒಂದು ಬದಿ, ಅದೂ ಅವರ ಮನಸ್ಸು ಇದ್ದಷ್ಟು ದಿನ. ಎದುರಾಡುವ ಹಾಗೂ ಇಲ್ಲ. ಮುಂದೆ ಮೀನು ಅವರ ಬೋಟಿನಿಂದಲೇ ಆಗಬೇಕು.

ಅವರು ಹೋದ ಮೇಲೆ ಕಾರ್ಯದರ್ಶಿ ತಾನು ಯೋಚಿಸಿದ್ದನ್ನು ಹೇಳಿದಳು. ಬಂದರಿನಲ್ಲಿ ಹರಕು ಬಲೆಗೆ ಬರವಿಲ್ಲ. ಭಾನುವಾರ ಒಂದು ದಿನದ ಮಟ್ಟಿಗೆ ಮೂರು ಗೋಡೆಗೂ ದಪ್ಪಕ್ಕೆ ತೂಗಿಬಿಡುವುದು. ಕಡಲಿನ ಊರು, ಅಲಂಕಾರಕ್ಕೆ ಹಾಕಿದ್ದು ಎಂದರೆ ಟೀಚರು ನಂಬುತ್ತಾರೆ. ಕಾಗದಕ್ಕೆ ಸಹಿ ಬಿದ್ದ ಮೇಲೆ ವಾಸನೆ ಎಂದು ತೆಗೆದರಾಯಿತು.

"ತೆಗ್ದ್ ಮೇಲೆ?"

"ಸಹಿ ಹಾಕಿ ಆಯ್ತಲೆ ದೊಡ್ಡಮ್ಮ. ಮೂರ್ ವರ್ಷ ಎಲ್ಲಿಗೆ ಹೋತ್ರ್?"

"ಮನಿಗೆ ಹೋತ್ರ್. ಬ್ರಹ್ಮಾವರದ ಬಸ್ಸ್ ಗಂಟಿಗ್ ನಾಲ್ಕ್ ಇತ್ತ್."

"ನೀವ್ ಮೀನಿಗೆ ಯಾವತ್ತೂ ಐಸ್ ಹಾಕಿ ತಾಜಾ ಅಂತ ಹೇಳ್ಲಿಲ್ಯಾ?"

ಹೇಳಿದ್ದೇನೆ. ನಿನ್ನೆಯ ಮೀನನ್ನು ಇವತ್ತಿನದರ ಅಡಿಗೆ ಹಾಕಿಯೂ ಮಾರಿದ್ದೇನೆ. ಅವಳಿಗೂ ಹಾಗೆಯೇ ಹೇಳಿದೆ. ಆದರೆ ಆ ಗಿರಾಕಿ ಕಾರು ನಿಲ್ಲಿಸಿ ಕೊಂಡು ಹೋಗುವವನು, ಮತ್ತೆ ಬರುವವನಲ್ಲ. ಈ ಹೆಂಗಸು ವಾರಕ್ಕೆ ನಾಲ್ಕು ದಿನ ಅದೇ ಹಾಲಿನಲ್ಲಿ ನಿಂತು ಅದೇ ಸದ್ದು ಕೇಳಬೇಕು. ಮೊದಲ ವಾರವೇ ಎದ್ದು ಹೋದರೆ ಸಮಿತಿಯವರು ಇನ್ನೊಂದು ಸಲ ನಮ್ಮ ಮಾತು ಕೇಳುವುದಿಲ್ಲ. ನಾಳೆ ಕುಂದಾಪುರಕ್ಕೆ ಹೋಗುವುದು, ದೊಡ್ಡ ಪೆಟ್ಟಿಗೆ ವಾಪಸು ಕೊಡುವುದು ಎಂದೆ.

"ಟೀಚರ್ ಒಪ್ಪಿದ್ದೇ ದೊಡ್ಡದಕ್ಕೆ!"

"ಒಪ್ಪಿದ್ದ್ ಬಲಿ ಇದ್ದ ಹಾಲಂಗೆ."

ಅವಳು ಆ ದಿನ ನನ್ನ ಹತ್ತಿರ ಮತ್ತೆ ಮಾತಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರ ಗಾಡಿ ಮಾಡಿ, ಪೆಟ್ಟಿಗೆಗಳಿಗೆ ಹಳೆ ಸೀರೆ ಸುತ್ತಿ ಹಗ್ಗ ಕಟ್ಟಿ ತಯಾರಾಗಿ ನಿಂತಿದ್ದಳು. ಸೀರೆ ಸುತ್ತುವಾಗಲೇ ಕಂಡದ್ದು, ಒಂದು ಕಂಬದ ಬುಡದಲ್ಲಿ ಗೇಣುದ್ದ ಗೀರು. ಬಲೆ ಎಳೆಯುವಾಗ ಅದರ ಸೀಸದ ಗುಂಡು ತಾಗಿದ್ದು.

ಅಂಗಡಿಯಲ್ಲಿ ಸೀರೆ ಬಿಚ್ಚುವ ಮೊದಲೇ ಗೀರನ್ನು ನಾನೇ ತೋರಿಸಿದೆ. ಅಂಗಡಿಯವರು ಬಗ್ಗಿ ಬೆರಳು ಎಳೆದು ನೋಡಿದರು.

"ಇದನ್ನ ಹೊಸತು ಅಂತ ನಾನ್ ಯಾರಿಗೆ ಕೊಡ್ಲಿ ಅಮ್ಮ?"

"ಗೀರ್ ಇಪ್ಪು ಬದಿ ಗೋಡಿಗೆ ತಿರ್ಗ್ಸಿ ನಿಮ್ಮ ಕಾರ್ಪೆಟ್ಟಿನ ಕೋಣಿಯಂಗೆ ಇಡಿ. ಎಲ್ಲರೂ ಕಣ್ ಮುಚ್ಚಿಯೇ ಕೇಂತ್ರಲೆ."

ಅವರಿಗೆ ನಗು ಬಂತು, ಆದರೆ ಮಾತು ಬಿಗಿಯಾಗಿಯೇ ಇತ್ತು. ದೊಡ್ಡ ಜೋಡಿ, ಬಾಸಿನ ಪೆಟ್ಟಿಗೆ ಎಲ್ಲ ಇಲ್ಲೇ ಇರಲಿ, ಬದಲಿಗೆ ಬೇರೆ ಒಂದು ಜೋಡಿ ಒಯ್ಯಿರಿ, ಗೀರಿನ ನಷ್ಟಕ್ಕೆ ಒಂದೇ ಜೋಡಿ ಎಂದರು. ನನ್ನ ಲೆಕ್ಕದಲ್ಲಿ ಸಣ್ಣದು ನಾಲ್ಕು ಬೇಕಿತ್ತು, ನಾಲ್ಕು ಕಡೆ ಇಟ್ಟು ಮೆತ್ತಗೆ ಹಾಕುವುದು ಎಂದು. ಒಂದು ಗಂಟೆ ಮಾತಾಡಿದರೂ ಜೋಡಿ ಎರಡಾಗಲಿಲ್ಲ. ಸರಿ ಎಂದೆ. ಆದರೆ ಈ ಕೋಣೆಯಲ್ಲಿ ಕೇಳುವುದಿಲ್ಲ, ಬರಿ ಸಿಮೆಂಟು ಇರುವ ಜಾಗ ತೋರಿಸಿ ಎಂದೆ.

ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದರು. ಅಲ್ಲಿ ಸುತ್ತಲೂ ರಟ್ಟಿನ ಪೆಟ್ಟಿಗೆ ಅಟ್ಟಿ ಹಾಕಿತ್ತು. ಚಪ್ಪಾಳೆ ಹೊಡೆದೆ, ಸದ್ದು ಅಲ್ಲೇ ಸತ್ತಿತು. ಇದೂ ಬೇಡ ಎಂದೆ. ಕೊನೆಗೆ ಕಟ್ಟಡದ ಅಡಿಯಲ್ಲಿ ಕಾರು ನಿಲ್ಲಿಸುವ ಜಾಗ. ಸಿಮೆಂಟಿನ ಕಂಬ, ಸಿಮೆಂಟಿನ ನೆಲ, ಎರಡೇ ಕಾರು. ಚಪ್ಪಾಳೆ ಹೊಡೆದರೆ ನಮ್ಮ ಹಾಲಿನ ಹಾಗೆಯೇ ಕಿರ್‍ರ್ ಎಂದಿತು.

"ಹಾಂ, ಇಲ್ಲಿ ಹಾಕಿ."

"ಇಲ್ಲಿ ಯಾವ ಸ್ಪೀಕರೂ ಲಾಯ್ಕ್ ಕೇಂತಿಲ್ಲೆ ಅಮ್ಮ."

"ಲಾಯ್ಕ್ ಬ್ಯಾಡ. ಕಮ್ಮಿ ಕೆಟ್ಟದ್ ಯಾವ್ದ್ ಅಂತ ಕಾಂಬ."

ನಾಲ್ಕು ಜೋಡಿ ಹಾಕಿಸಿದೆ. ಅಂಗಡಿಯವರು ಬೆವತರು. ಪ್ರತಿಯೊಂದಕ್ಕೂ ಒಂದೇ ರೆಕಾರ್ಡು, ಟೀಚರ ತಕಧಿಮಿ. ನಾನು ಎದುರಿಗೆ ಹತ್ತು ಹೆಜ್ಜೆ ನಡೆದು ಕೇಳುವುದು, ಆಮೇಲೆ ಬದಿಗೆ ಹತ್ತು ಹೆಜ್ಜೆ ನಡೆದು ಕೇಳುವುದು. ಮೂರು ಜೋಡಿಗೆ ಎದುರೂ ಬದಿಯೂ ಹೆಚ್ಚು ಕಮ್ಮಿ ಒಂದೇ. ಎಲ್ಲ ಕಡೆ ಎರಚುತ್ತದೆ, ಗೋಡೆಗೂ ಸ್ಲ್ಯಾಬಿಗೂ ಹೋಗಿ ಬಡಿಯುತ್ತದೆ. ನಾಲ್ಕನೆಯದಕ್ಕೆ ಮೇಲ್ಗಡೆ ಕಹಳೆಯ ಹಾಗೆ ಒಳಗೆ ಹೋದ ಬಾಯಿ ಇತ್ತು. ಅದರ ಎದುರಿಗೆ ನಿಂತರೆ ಅಕ್ಷರ ಬಿಡಿಸಿ ಕೇಳಿತು, ಬದಿಗೆ ಸರಿದರೆ ಮಂಕಾಯಿತು. ಬಾಸ್ ಕಡಿಮೆ. ನೋಡಲೂ ಚಂದವಿಲ್ಲ, ಕಪ್ಪು ಪೆಟ್ಟಿಗೆ.

"ಇದ್ ಮನಿಗೆ ಯಾರೂ ತಕಂಬುದಿಲ್ಲೆ. ಸ್ವರ ಸ್ವಲ್ಪ ಒರಟ್" ಎಂದರು ಅಂಗಡಿಯವರು.

"ಇರ್ಲಿ. ನನ್ನದೂ ಒರಟೇ. ಎಲ್ಲರಿಗೂ ಕೇಂತ್ತ್."

ಆ ಜೋಡಿಯನ್ನೇ ತೆಗೆದುಕೊಂಡು, ಕಿವಿಯೆತ್ತರದ ಸ್ಟ್ಯಾಂಡ್ ಎರಡು ಕೇಳಿ ಪಡೆದು ಬಂದೆ. ಕಾರ್ಯದರ್ಶಿ ವಂಡ್ಸೆ ಕಡೆಯ ಒಂದು ನಾರಿನ ಮಿಲ್ಲಿಗೆ ಹೋಗಿ ತೆಂಗಿನ ನಾರು ತಂದಳು. ಸದ್ದು ನುಂಗುವ ಬಲೆಯ ಕೆಲಸವನ್ನು ಬಲೆಯ ವಾಸನೆ ಇಲ್ಲದೆ ಮಾಡಬೇಕಾದರೆ ಅದಲ್ಲದೆ ಬೇರೆ ದಾರಿ ನನಗೆ ತೋಚಲಿಲ್ಲ.

ಶನಿವಾರ ಮೀನು ಮಾರಿ ಮುಗಿದ ಮೇಲೆ ಹದಿನೆಂಟು ಜನವೂ ಹಾಲಿಗೆ ಬಂದರು. ಗೋಣಿಚೀಲಕ್ಕೆ ನಾರು ತುಂಬಿ ಬಾಯಿ ಹೊಲಿದೆವು. ಮೊದಲು ಒಂದು ಚೀಲವನ್ನು ಚಪ್ಪಟೆಯಾಗಿ ಗೋಡೆಗೆ ಅಂಟಿಸಿ ಕಟ್ಟಿ ಚಪ್ಪಾಳೆ ಹೊಡೆದೆ. ಅಷ್ಟೇನೂ ತಗ್ಗಲಿಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು, ದಪ್ಪ ತುಂಬಿಸಿ ತೂಗಿಬಿಟ್ಟೆ, ತಗ್ಗಿತು. ಆ ಲೆಕ್ಕದಲ್ಲೇ ಉಳಿದದ್ದನ್ನು ಹೊಲಿದೆವು. ಆದರೆ ತಂದ ನಾರು ಒಂದು ಗೋಡೆಗೆ ಮಾತ್ರ ಸಾಕಾಯಿತು. ಉದ್ದದ ಎರಡು ಗೋಡೆಯಲ್ಲಿ ಒಂದಕ್ಕೆ ಪೂರ್ತಿ, ಅದರ ಬದಿಯ ಮೂಲೆಗಳಿಗೆ ಎರಡೆರಡು ಚೀಲ. ಮಳೆ ಬೇರೆ ಶುರುವಾಗಿತ್ತು, ಮತ್ತೆ ವಂಡ್ಸೆಗೆ ಹೋಗಿ ಬರುವ ಹೊತ್ತೂ ಇರಲಿಲ್ಲ.

ಸ್ಪೀಕರ್ ಎರಡೇ, ಚೀಲ ಒಂದು ಗೋಡೆಗೇ. ನಾನು ಹಾಲಿನ ನಡುವೆ ಕೂತುಬಿಟ್ಟೆ. ಹಿಂದಿನ ಸಾಲಿನ ಮಗುವಿಗೆ ಸ್ವರ ಮುಟ್ಟಬೇಕಾದರೆ ಜೋರಾಗಿ ಹಾಕಬೇಕು, ಜೋರು ಹಾಕಿದರೆ ಗೋಡೆ ಮಾತಾಡುತ್ತದೆ. ಬಂದರಿನಲ್ಲಿ ಮೀನು ಹರಾಜು ಕೂಗುವವರು ಹೇಗೆ ಮಾಡುತ್ತಾರೆ ಎಂದು ಯೋಚಿಸಿದೆ. ಅಲ್ಲಿ ಜನ ಅವರ ಎದುರು ಒಬ್ಬರ ಹಿಂದೆ ಒಬ್ಬರು ಸಾಲು ನಿಲ್ಲುವುದಿಲ್ಲ. ಅಗಲಕ್ಕೆ, ಬಳಸಿ ನಿಲ್ಲುತ್ತಾರೆ. ಎಲ್ಲರೂ ನಾಲ್ಕು ಮಾರಿನ ಒಳಗೇ.

"ಹಾಲ್ ಅಡ್ಡ ಮಾಡುವ" ಎಂದೆ.

"ಹಾಲ್ ಹ್ಯಾಂಗ್ ಅಡ್ಡ ಮಾಡುದ್ ದೊಡ್ಡಮ್ಮ? ಜಾಕಿ ಹಾಕಿಯಾ?"

ಪಾಠ ಉದ್ದಕ್ಕೆ ಬೇಡ, ಅಗಲಕ್ಕೆ. ಸ್ಪೀಕರ್ ಉದ್ದದ ಗೋಡೆಯ ನಡುವೆ, ಚೀಲಗಳು ಎದುರಿನ ಉದ್ದದ ಗೋಡೆಗೆ. ಮಕ್ಕಳು ಅಗಲಕ್ಕೆ ಮೂರೇ ಸಾಲು. ಕೊನೆಯ ಸಾಲೂ ಸ್ಪೀಕರಿನಿಂದ ಹನ್ನೆರಡು ಹೆಜ್ಜೆಯ ಒಳಗೆ. ಕಟ್ಟಿದ್ದ ಚೀಲ ಕೆಲವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಕಹಳೆಯ ಬಾಯಿಯನ್ನು ಒಳಮುಖಕ್ಕೆ ಸ್ವಲ್ಪ ತಿರುಗಿಸಿ, ಮಕ್ಕಳ ತಲೆಯ ಮಟ್ಟಕ್ಕೆ ಬಗ್ಗಿಸಿ, ಸ್ವರ ತಗ್ಗಿಸಿ ಹಾಕಿದೆವು.

ಕಿವಿಗೆ ಸರಿ ಎನಿಸಿತು. ಆದರೆ ನನ್ನ ಕಿವಿಯನ್ನು ನಾನು ಆ ಹೊತ್ತಿಗೆ ನಂಬುತ್ತಿರಲಿಲ್ಲ. ಹದಿನೆಂಟು ಜನವನ್ನೂ ಮೂರು ಸಾಲು ನಿಲ್ಲಿಸಿ, ತಕಧಿಮಿಗೆ ಸರಿಯಾಗಿ ಕಾಲು ತಟ್ಟಿ ಎಂದೆ.

"ನನ್ನ ಮೊಣಗಂಟ್ ನಾಟ್ಯ ಮಾಡುಕ್ ಹುಟ್ಟಿದ್ದಲ್ಲ" ಎಂದಳು ನನ್ನ ವಯಸ್ಸಿನವಳು ಒಬ್ಬಳು.

"ನಾಟ್ಯ ಬ್ಯಾಡ. ಬಂಗುಡಿ ತುಳಿದಂಗೆ ತುಳಿ ಸಾಕ್."

ಸೀರೆ ಎತ್ತಿ ಕಟ್ಟಿ ತುಳಿದರು. ಮೊದಲ ಎರಡು ಸಾಲು ಸಮ ಬಿತ್ತು. ಮೂರನೇ ಸಾಲಿನ ಎಡ ತುದಿಯ ಮೂವರು ಪ್ರತಿ ಸಲ ಒಂದು ಚೂರು ಹಿಂದೆ. ಅವರನ್ನು ಬಲಕ್ಕೆ ಕಳುಹಿಸಿ ಬಲದವರನ್ನು ಎಡಕ್ಕೆ ತಂದೆ. ಈಗ ಎಡಕ್ಕೆ ಬಂದವರು ಹಿಂದೆ ಬಿದ್ದರು. ಕಾಲಿನ ದೋಷವಲ್ಲ, ಆ ಮೂಲೆಯದ್ದು. ಚೀಲ ಮುಗಿದಿತ್ತು. ಅಲ್ಲಿಗೆ ನಿಲ್ಲಿಸಿದೆ.

ಭಾನುವಾರ ಹತ್ತು ಗಂಟೆಗೆ ಟೀಚರ್ ಹನ್ನೆರಡು ಮಕ್ಕಳೊಂದಿಗೆ ಬಂದರು. ಒಳಗೆ ಕಾಲಿಟ್ಟು ನಿಂತುಬಿಟ್ಟರು. ಒಂದು ಗೋಡೆಗೆ ಗೋಣಿಚೀಲದ ಸಾಲು, ಎದುರಿನ ಗೋಡೆಗೆ ಎರಡು ಕಪ್ಪು ಡಬ್ಬಿ.

"ಅವತ್ತಿನ ದೊಡ್ಡ ಸ್ಪೀಕರ್ ಎಲ್ಲಿ ಅಮ್ಮ?"

ಕಾರ್ಯದರ್ಶಿ ನನ್ನ ಮುಖ ನೋಡಿದಳು. ಹೊರಗೆ ಜಗಲಿಯಲ್ಲಿ ಉಳಿದ ಹೆಂಗಸರು ಮೀನು ಮಾರುವುದು ಬಿಟ್ಟು ಬಾಗಿಲಿಗೆ ಬಂದಿದ್ದರು.

"ವಾಪಸ್ ಕೊಟ್ಟೆ. ಅವತ್ತ್ ನೀವ್ ಕೇಂಡದ್ದ್ ಬಲಿ ಇಪ್ಪುವಾಗ. ಬಲಿ ಹೋದ್ ಮೇಲೆ ಅದ್ ಬರೀ ಗುಡುಗು. ಇದ್ ಸಣ್ಣದ್. ಹೊಟ್ಟಿಗೆ ತಾಗುದಿಲ್ಲೆ. ಆದ್ರೆ ಅಕ್ಷರ ಕೇಂತ್ತ್. ಮತ್ತೆ, ಎಡಗಡಿ ಹಿಂದಿನ ಮೂಲಿಯಂಗೆ ಇನ್ನೂ ಸರಿ ಆಯ್ಲಿಲ್ಲೆ. ಅದನ್ನೂ ಕೇಣಿ."

ಮೂಲೆಯ ಮಾತು ಹೇಳಬಾರದಿತ್ತು ಎಂದು ಕಾರ್ಯದರ್ಶಿ ತುಟಿ ಕಚ್ಚಿದಳು.

ಟೀಚರ್ ಮಕ್ಕಳನ್ನು ಮೂರು ಸಾಲು ನಿಲ್ಲಿಸಿದರು. ಮೊದಲು ನಿಧಾನದ್ದು ಹಾಕಿಸಿದರು, ಆಮೇಲೆ ಅದಕ್ಕೆ ಇಮ್ಮಡಿ ವೇಗದ್ದು. ತಾವು ಮಕ್ಕಳ ಕಾಲು ನೋಡಲಿಲ್ಲ. ಕಣ್ಣು ಮುಚ್ಚಿ ಗೋಡೆಗುಂಟ ನಡೆದರು. ನಡುವೆ ನಿಂತರು, ಬಲಕ್ಕೆ ಹೋದರು. ಎಡ ಮೂಲೆಗೆ ಬಂದು ನಿಂತು ಅಲ್ಲಿಯೇ ಉಳಿದರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಮೂರನೆಯದು, ಎಲ್ಲಕ್ಕಿಂತ ವೇಗದ್ದು, ಹಾಕಿ ಎಂದರು. ಅದನ್ನು ನಾವು ಕೇಳಿಯೇ ಇರಲಿಲ್ಲ. ಎರಡು ಸಾಲಿನ ಕಾಲು ಒಂದೇ ಕಾಲಿನ ಹಾಗೆ ಬಿತ್ತು. ಮೂರನೇ ಸಾಲಿನ ಎಡ ತುದಿಯ ಹುಡುಗಿ ಎರಡು ಸಲ ತಪ್ಪಿ ಪಕ್ಕದವಳ ಕಾಲು ನೋಡಿ ಸೇರಿಕೊಂಡಳು.

ಟೀಚರ್ ನಿಲ್ಲಿಸಿ ಎಂದು ಕೈ ಮಾಡಿದರು.

"ದೊಡ್ಡದ್ ಇದ್ದಿದ್ರೆ ಚಂದ ಇತ್ತ್ ಅಮ್ಮ" ಎಂದರು. ನಾನು ತಲೆಯಾಡಿಸಿದೆ. "ಈ ಮೂಲಿಯಂಗೆ ನಾನ್ ಮಕ್ಕಳನ್ನ್ ನಿಲ್ಸ್ತಿಲ್ಲೆ. ಇಲ್ಲಿಗೆ ಇನ್ನ್ ನಾಲ್ಕ್ ಚೀಲ ಬರ್ಕ್. ಚೀಲಕ್ಕೆ ಬಟ್ಟಿ ಹೊಲ್ಸಿ, ಮಕ್ಕಳಿಗೆ ನಾರ್ ಚುಚ್ಚತ್ತ್. ಮೂರ್ ವರ್ಷಕ್ಕೆ ಈಗ್ಲೇ ಬರ್ದ್ ಕೊಡ್ತಿಲ್ಲೆ. ಒಂದ್ ವರ್ಷ ಕಾಂಬ."

"ಒಂದ್ ವರ್ಷ ಸಾಕ್" ಎಂದೆ.

"ಮತ್ತೊಂದ್. ಬಪ್ಪು ಮಳೆಗಾಲ ಬಲಿ ತಂದ್ ಹಾಕಿದ್ರೆ ನನ್ನ ಕ್ಲಾಸ್ ಎಲ್ಲಿ?"

"ಬಲಿ ಬತ್ತಿಲ್ಲೆ."

ಅದನ್ನು ನಾನು ಯಾರ ಹತ್ತಿರವೂ ಕೇಳದೆ ಹೇಳಿದೆ. ಕಾರ್ಯದರ್ಶಿ ಕಾಗದ ಹಿಡಿದು ಸಿದ್ಧವಾಗಿಯೇ ಇದ್ದಳು. ಟೀಚರ್ ಅಲ್ಲೇ ನೆಲದ ಮೇಲೆ ಕೂತು ಬರೆದು ಸಹಿ ಹಾಕಿದರು. ಬಲೆಯ ವಿಷಯವನ್ನೂ ಒಂದು ಸಾಲು ಬರೆದರು. ನಾನು ಕೆಳಗೆ ನನ್ನ ಹೆಸರು ಬರೆದೆ, ಅಕ್ಷರ ಸ್ವಲ್ಪ ಸೊಟ್ಟ. ಸಂಜೆಯೊಳಗೆ ಸಮಿತಿಯ ಅಧ್ಯಕ್ಷರ ಮನೆಗೆ ಹೋಗಿ ಕೊಟ್ಟೆವು. ಅವರು ಎರಡು ಸಲ ಓದಿ, ಒಂದು ವರ್ಷಕ್ಕೆ ಹಾಲೂ ಜಗಲಿಯೂ ಸಂಘಕ್ಕೇ ಎಂದು ಬರೆದು ಮೊಹರು ಹಾಕಿದರು.

"ಧಣಿಗೆ ಯಾರ್ ಹೇಳುದ್?" ಎಂದು ಕೇಳಿದರು.

"ನಾನೇ ಹೇಳ್ತೆ" ಎಂದೆ.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಬಂದರಿನಲ್ಲಿದ್ದೆ. ಧಣಿಯ ಬೋಟು ಬಂದು ಬಂಗುಡೆ ಇಳಿಸುತ್ತಿತ್ತು. ಅವರು ಹರಾಜಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದರು. ಎದುರಿಗೆ ಹೋಗಿ, ಹಾಲ್ ನಮ್ಮದಾಯಿತು, ಬರುವ ಮಳೆಗಾಲ ಬಲೆಗೆ ಬೇರೆ ಜಾಗ ನೋಡಿಕೊಳ್ಳಿ ಎಂದೆ.

ಧಣಿ ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹಾಂಗಾರೆ ಮೀನಿಗೂ ಬೇರೆ ಬೋಟ್ ಕಾಣಿ ಅಕ್ಕ" ಎಂದರು.

ನಾನು ಬುಟ್ಟಿ ಎತ್ತಿಕೊಂಡು ಪಕ್ಕದ ಬೋಟಿನ ಹರಾಜಿಗೆ ಹೋಗಿ ನಿಂತೆ.